ಡಿಕಾಕ್ಷನ್ ಬಣ್ಣ

ನಮ್ಮ ಜಿಮ್‌ನಲ್ಲಿ ಟ್ರಯಲ್ ಸೆಷನ್‌ಗೆ ಓನರ್ ಮಾಡಿದ ರೂಲ್ ಒಂದೇ: ಬಂದವರು ವಾಪಸ್ ಹೋಗುವಾಗ ಮೆಟ್ಟಿಲು ಇಳಿಯಲು ಒದ್ದಾಡಬೇಕು. ಆಗಲೇ ಪಿಟಿ, ಅಂದರೆ ಪರ್ಸನಲ್ ಟ್ರೇನಿಂಗ್ ಪ್ಯಾಕೇಜ್ ಸೇಲ್ ಆಗುವುದಂತೆ. ತಿಂಗಳ ಕೊನೆ ಬೇರೆ, ನನ್ನ ಟಾರ್ಗೆಟ್‌ಗೆ ಇನ್ನೂ ಎರಡು ಬಾಕಿ.

ಆ ಸೋಮವಾರ ಬಂದವರು ಸಾಫ್ಟ್‌ವೇರ್ ಕೆಲಸದವರು. ಕೂತು ಕೂತು ಸೊಂಟ ನೋವು. ದುಬಾರಿ ಚೇರ್ ತಂದರೂ ಹೋಗಿರಲಿಲ್ಲ. 'ಕಾಲು ಗಟ್ಟಿಯಾದರೆ ಸೊಂಟಕ್ಕೆ ಆರಾಮ ಸರ್' ಅಂದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಮೊದಲ ದಿನವೇ ಇಪ್ಪತ್ತರ ಐದು ಸೆಟ್ ಸ್ಕ್ವಾಟ್, ಅದರ ಮೇಲೆ ಲಂಜಸ್. 'ನಿಧಾನ ಇಳೀರಿ, ಇನ್ನೂ ನಿಧಾನ.' ಸ್ನಾಯುವಿಗೆ ಜಾಸ್ತಿ ಪೆಟ್ಟು ಬೀಳುವುದೇ ಹಾಗೆ ಭಾರ ಹೊತ್ತು ಇಳಿಯುವಾಗ.

ಮಂಗಳವಾರ ಮೆಸೇಜ್: 'ಕೂತರೆ ಏಳೋಕಾಗ್ತಿಲ್ಲ.' ನಾನು: 'ಒಳ್ಳೇ ಲಕ್ಷಣ ಸರ್, ಲ್ಯಾಕ್ಟಿಕ್ ಆಸಿಡ್ ಅಷ್ಟೇ.'

ಸುಮ್ನೆ ಬುರುಡೆ. ಲ್ಯಾಕ್ಟಿಕ್ ಆಸಿಡ್ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಬಿದ್ದ ಸಣ್ಣ ಪೆಟ್ಟಿನದು. 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ಇಳಿಯುತ್ತದೆ. ಕೋರ್ಸ್‌ನಲ್ಲಿ ಓದಿದ್ದೆ, ಆದರೂ ಎಲ್ಲರೂ ಹೇಳುವುದನ್ನೇ ಹೇಳಿದೆ.

ಬುಧವಾರ ಆರರ ಬ್ಯಾಚ್ ನಡುವೆ ಫೋನ್. 'ತೊಡೆ ಊದಿದೆ. ಮೂತ್ರ ಡಿಕಾಕ್ಷನ್ ಥರ ಹೋಗ್ತಿದೆ. ಇದೂ ಒಳ್ಳೇ ಲಕ್ಷಣಾನಾ?'

'ನೀರು ಜಾಸ್ತಿ ಕುಡೀರಿ' ಅನ್ನಲು ಬಾಯಿ ತೆರೆದಿದ್ದೆ. ಯಾರೋ ಪ್ಲೇಟ್ ಎತ್ತಿ ಹಾಕಿದರು. ಆ ಸದ್ದಿಗೆ ಬಾಯಿ ಮುಚ್ಚಿತು. ರ್‍ಯಾಬ್ಡೊ. ಪುಸ್ತಕದಲ್ಲಿ ಅರ್ಧ ಪುಟ, ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದು. ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಇಳಿದರೆ ಕಿಡ್ನಿಯೇ ಕೈಕೊಡಬಹುದು. 'ಈಗಲೇ ಎಮರ್ಜೆನ್ಸಿಗೆ ಹೊರಡಿ ಸರ್, ನಾನೂ ಬರ್ತೀನಿ.' ಅಲ್ಲಿ ಸಿಕೆ ರಿಪೋರ್ಟ್ ಬಂತು, ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವದ ಲೆಕ್ಕ. ಇನ್ನೂರರ ಆಸುಪಾಸು ಇರಬೇಕಾದದ್ದು ಐದಂಕಿ ದಾಟಿತ್ತು. ಮೂರು ದಿನ ಡ್ರಿಪ್. ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಕಿಡ್ನಿ ಉಳಿಯಿತು. ಆರು ವಾರದ ಮೇಲೆ ಡಾಕ್ಟರ್ ಚೀಟಿ ಹಿಡಿದು ಮತ್ತೆ ನನ್ನ ಹತ್ತಿರವೇ ಬಂದರು. ಈ ಸಲ ಮೊದಲು ಕೇಳಿದೆ: ನೋವು ಕಾಲಿಗೆ ಇಳಿಯುತ್ತಾ? ಜೋಮು ಹಿಡಿಯುತ್ತಾ? ಮೂತ್ರ ಕಟ್ಟುತ್ತಾ? ಯಾವುದೂ ಇರಲಿಲ್ಲ. ಹತ್ತು ನಿಮಿಷ ನಡಿಗೆ, ಮಂಡಿ-ಕೈ ಊರಿ ಒಂದು ಕೈ, ಎದುರು ಬದಿಯ ಕಾಲು ಚಾಚುವ ಬರ್ಡ್ ಡಾಗ್ ಆರಾರು, ಮಂಡಿ ಊರಿ ಸೈಡ್ ಪ್ಲ್ಯಾಂಕ್, ಗ್ಲೂಟ್ ಬ್ರಿಡ್ಜ್. ಅಷ್ಟೇ. ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಏಳಲು ಹೇಳಿದೆ. ಎರಡು ತಿಂಗಳಲ್ಲಿ ಬಗ್ಗಿ ಶೂ ಲೇಸ್ ಕಟ್ಟಿಕೊಂಡರು.

ಮೂರು ತಿಂಗಳ ಪ್ಯಾಕೇಜೂ ತಗೊಂಡರು. ಓನರ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಟಿಕ್ ಹಾಕಿ, 'ನೋಡಿದ್ಯಾ, ಟ್ರಯಲ್ ವರ್ಕ್ ಆಯ್ತು' ಅಂದರು.