ಚುನಾವಣೆಯ ದಿನ ಎಳ್ಳು ಬೀರಿದ್ದು

ಉತ್ತರ ಉಗಾಂಡಾದ ಗುಲುವಿನಲ್ಲಿ ಎಳ್ಳಿಗೆ ಬರವಿಲ್ಲ. ಸುಗ್ಗಿ ಮುಗಿದರೆ ಸಾಕು, ಮಾರುಕಟ್ಟೆಯ ಹೆಂಗಸರು ಗೋಣಿಚೀಲದ ಬಾಯಿ ಮಡಿಚಿ, ಎಳ್ಳನ್ನು ಗೋಪುರದ ಹಾಗೆ ಏರಿಸಿ, ತುದಿಯಲ್ಲಿ ಅಳತೆಯ ಪ್ಲಾಸ್ಟಿಕ್ ಮಗ್ಗನ್ನು ಬೋರಲು ಹಾಕಿಕೊಂಡು ಕೂತಿರುತ್ತಾರೆ. ಪಕ್ಕದಲ್ಲೇ ಕಡಲೆಕಾಯಿ ಬೀಜ. ಕಬ್ಬಂತೂ ಸೈಕಲ್ ಮೇಲೆ ಕಟ್ಟಿಸಿಕೊಂಡು ಬೀದಿಬೀದಿ ಸುತ್ತುತ್ತದೆ. ಇದೆಲ್ಲ ಕಣ್ಣೆದುರಿಗೇ ಇದ್ದರೂ ಮೊದಲ ವರ್ಷ ನಾನು ಸಂಕ್ರಾಂತಿ ಮಾಡಲಿಲ್ಲ. ಹಬ್ಬ ಎಂದರೆ ಅಮ್ಮ ಮಾಡುವುದು, ನಾವು ಹೊಸ ಬಟ್ಟೆ ಹಾಕಿಕೊಂಡು ಡಬ್ಬಿ ಹಿಡಿದು ಮನೆಮನೆಗೆ ಹೋಗುವುದು ಎಂದೇ ತಲೆಯಲ್ಲಿತ್ತು. ಡಬ್ಬಿ ಹಿಡಿದು ಇಲ್ಲಿ ಯಾರ ಮನೆಗೆ ಹೋಗಲಿ?

ಸ್ವಯಂಸೇವಕಿಯ ಬದುಕನ್ನು ನಮ್ಮ ಮಂಡ್ಯದ ಕಡೆ ಇನ್ನೂ ಯಾರಿಗೂ ಸರಿಯಾಗಿ ವಿವರಿಸಲು ಆಗಿಲ್ಲ. ಸಂಬಳ ಅಂತ ಇಲ್ಲ, ಬಾಡಿಗೆಗೂ ಊಟಕ್ಕೂ ಆಗುವಷ್ಟು ಭತ್ಯೆ ಕೊಡುತ್ತಾರೆ ಅಂದರೆ, ಸೋದರತ್ತೆ "ಹಂಗಾದ್ರೆ ಅಷ್ಟ್ ದೂರ ಯಾಕವ್ವಾ ಹೋದೆ, ಇಲ್ಲೇ ಯಾವ್ದಾದ್ರೂ ಸ್ಕೂಲಲ್ಲಿ ಪಾಠ ಹೇಳ್ಕೊಂಡಿದ್ರೆ ಆಗ್ತಿರ್ಲಿಲ್ವಾ?" ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ತರಬೇತಿ ಕೊಡಲು ಬಂದವಳು ನಾನು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಎಂಟೆಬೆ ವಿಮಾನ ನಿಲ್ದಾಣವೂ ಮುಚ್ಚಿತು. ಅದು ಮತ್ತೆ ತೆರೆದದ್ದು ಅಕ್ಟೋಬರ್‌ನಲ್ಲಿ. ಜೊತೆಯವರಲ್ಲಿ ಬಹಳ ಮಂದಿ ಮುಚ್ಚುವ ಮೊದಲೇ ಹೊರಟುಹೋದರು. ಉಳಿದ ನಮಗೆ ಸಿಕ್ಕ ಕೆಲಸ, ಮಕ್ಕಳು ಮನೆಯಲ್ಲೇ ಓದಿಕೊಳ್ಳಲು ಅಚ್ಚು ಹಾಕಿಸಿದ ಪಾಠದ ಹಾಳೆಗಳನ್ನು ಹಳ್ಳಿಗಳಿಗೆ ಮುಟ್ಟಿಸುವುದು. ಬೋಡಾ ಅನ್ನುವ ಬಾಡಿಗೆ ಬೈಕಿನ ಹಿಂದೆ ಕೂತು, ಕೆಂಪು ಧೂಳು ಕುಡಿದು, ಯಾರ ಅಂಗಳಕ್ಕೆ ಹೋಗಿ ಇಳಿದರೂ ಕೈಯಲ್ಲೊಂದು ರಿಜಿಸ್ಟರು. ಹಾಳೆ ಕೊಡು, ಸಹಿ ಹಾಕಿಸು, ಮುಂದಿನ ಮನೆ. ರಿಜಿಸ್ಟರಿಲ್ಲದೆ ಒಬ್ಬರ ಮನೆಗಾದರೂ ಹೋಗಿದ್ದು ನೆನಪಿಲ್ಲ.

2021ರ ಜನವರಿ ಶುರುವಿನಲ್ಲಿ ಕಚೇರಿಯಿಂದ ಮೇಲ್ ಬಂತು. ಹದಿನಾಲ್ಕನೇ ತಾರೀಖು ದೇಶದ ಅಧ್ಯಕ್ಷರ ಚುನಾವಣೆ. ಹಿಂದಿನ ದಿನದಿಂದಲೇ ಯಾರೂ ಮನೆಯ ಗೇಟು ದಾಟುವಂತಿಲ್ಲ. ವಾರಕ್ಕಾಗುವಷ್ಟು ಅಕ್ಕಿ, ಬೇಳೆ, ನೀರು, ಇದ್ದಿಲು, ಮೇಣದ ಬತ್ತಿ ತಂದಿಟ್ಟುಕೊಳ್ಳಬೇಕು. ಹದಿನಾಲ್ಕು ಅಂದಕೂಡಲೇ ನನಗೆ ಮೊದಲು ಹೊಳೆದದ್ದು ಚುನಾವಣೆಯಲ್ಲ. ಕಚೇರಿಯ ಪಟ್ಟಿಯ ಕೆಳಗೇ ಪೆನ್ಸಿಲಿನಲ್ಲಿ ಎಳ್ಳು, ಬೆಲ್ಲ, ಬೀಜ, ಕೊಬ್ಬರಿ, ಹುರಿಗಡಲೆ ಅಂತ ಬರೆದುಕೊಂಡು ಚೀಲ ಹಿಡಿದು ಹೊರಟೆ.

ಕಷ್ಟ ಕೊಟ್ಟದ್ದು ಬೆಲ್ಲ. ಇಲ್ಲಿ ಬೆಲ್ಲಕ್ಕೆ ಸುಕಾರಿ ಗುರು ಅನ್ನುತ್ತಾರೆ. ಅದನ್ನು ಅಡುಗೆಗೆ ಕೊಳ್ಳುವವರು ಕಡಿಮೆ, ವರಾಗಿ ಎಂಬ ನಾಡ ಸಾರಾಯಿ ಭಟ್ಟಿ ಇಳಿಸಲು ಕೊಳ್ಳುವವರೇ ಹೆಚ್ಚು. ನಾನು ಎರಡು ಕಿಲೋ ಕೇಳಿದಾಗ ಮಾರುವಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದವಳಿಗೆ ಏನೋ ಹೇಳಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ಕಿನೊಳಗೇ ನಾನೂ ನಕ್ಕೆ. ತಿನ್ನುವುದಕ್ಕೆ ಎಂದು ಕೈಸನ್ನೆ ಮಾಡಿ ತೋರಿಸಿದೆ. ಆಕೆ ನಂಬಿದ ಹಾಗೆ ಕಾಣಲಿಲ್ಲ. ಕಪ್ಪು ಬಣ್ಣದ ಉಂಡೆ, ನಡುವೆ ಅಲ್ಲಲ್ಲಿ ಕಬ್ಬಿನ ಸಿಪ್ಪೆ, ಒಂಚೂರು ಉಪ್ಪುಪ್ಪು ರುಚಿ. ನಮ್ಮ ಅಚ್ಚುಬೆಲ್ಲದ ಹೊಂಬಣ್ಣವನ್ನು ಮರೆತರೆ ತಿನ್ನಲಿಕ್ಕೆ ಅಡ್ಡಿಯಿಲ್ಲ.

ಹುರಿಗಡಲೆ ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲ. ಮುಖ್ಯರಸ್ತೆಯ ಗುಜರಾತಿ ಅಂಗಡಿಯ ಹಿರಿಯರನ್ನು ಹಿಂದಿಯಲ್ಲಿ ಕೇಳಿದೆ. 1972ರಲ್ಲಿ ಇದಿ ಅಮೀನ್ ಏಷ್ಯಾದವರೆಲ್ಲ 90 ದಿನದೊಳಗೆ ದೇಶ ಬಿಡಬೇಕೆಂದಾಗ ಅಪ್ಪನ ಕೈಹಿಡಿದು ಹೊರಟ ಹುಡುಗ ಅವರು; ತೊಂಬತ್ತರ ದಶಕದಲ್ಲಿ ವಾಪಸು ಬಂದು ಮತ್ತೆ ಅಂಗಡಿ ತೆರೆದವರು. "ಉತ್ತರಾಯಣಕ್ಕಾ?" ಅಂದರು. ಅವರ ಊರಲ್ಲಿ ಆ ದಿನ ಗಾಳಿಪಟ, ಎಳ್ಳಿನ ಚಿಕ್ಕಿ. ಒಳಗೆ ಹೋಗಿ ತಮ್ಮ ಮನೆಯ ಡಬ್ಬಿಯಿಂದಲೇ ಕಾಗದದ ಪೊಟ್ಟಣ ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ತೆಂಗಿನಕಾಯಿಗೆ ಮಾತ್ರ ಚೆನ್ನಾಗಿಯೇ ತೆಗೆದುಕೊಂಡರು. ಗುಲುವಿನ ಸುತ್ತ ತೆಂಗು ಬೆಳೆಯುವುದಿಲ್ಲ, ಕಡಲ ತೀರದ ಕಡೆಯಿಂದ ಲಾರಿಯಲ್ಲಿ ಬರಬೇಕು.

ಕಾಯಿ ಒಡೆದು, ಕಂದು ಸಿಪ್ಪೆ ಹೆರೆದು, ಸಣ್ಣ ಸಣ್ಣ ಚೂರು ಮಾಡಿ ಬಿಸಿಲಿಗಿಟ್ಟೆ. ಗುಲುವಿನ ಜನವರಿಯ ಬಿಸಿಲಿನಲ್ಲಿ ಬಟ್ಟೆ ಹರವಿ ತಿರುಗಿ ಬರುವಷ್ಟರಲ್ಲಿ ಒಣಗಿರುತ್ತದೆ, ಇನ್ನು ಕೊಬ್ಬರಿಗೇನು ಕಷ್ಟ. ಬೆಲ್ಲ ಕತ್ತರಿಸುವುದೇ ದೊಡ್ಡ ಪಾಡು. ಮನೆಯಲ್ಲಿ ಅಮ್ಮ ಅಡಕತ್ತರಿಯಲ್ಲಿ ಎಲ್ಲ ಚೂರೂ ಒಂದೇ ಅಳತೆಗೆ ಬರುವಂತೆ ಕತ್ತರಿಸುತ್ತಾಳೆ; ಚೂರು ದಪ್ಪವಾದರೆ ನೆಂಟರು ಆಡಿಕೊಳ್ಳುತ್ತಾರೆ ಅನ್ನುವ ಭಯ ಅವಳಿಗೆ. ನನ್ನ ಹತ್ತಿರ ಇದ್ದದ್ದು ಟೊಮೆಟೊ ಹೆಚ್ಚುವ ಚಾಕು. ಹೊಡೆದರೆ ಅರ್ಧ ಪುಡಿ, ಅರ್ಧ ಅಂಗಳದ ಕೋಳಿಗಳ ಪಾಲು.

ಈ ಸದ್ದಿಗೇ ಎದುರಿನ ಮನೆಯ ಅಜ್ಜಿ ಬಂದದ್ದು. ನಮ್ಮ ಕಾಂಪೌಂಡಿನ ಒಡತಿ ಅವರ ಮಗಳು, ಅಜ್ಜಿಯನ್ನು ಎಲ್ಲರೂ ಮೆಗೋ ಅಂತ ಗೌರವದಿಂದ ಕರೆಯುತ್ತಾರೆ. ಇಂಗ್ಲಿಷ್ ಬರದು, ನನ್ನ ಅಚೋಲಿ ಕುಶಲ ಕೇಳುವಲ್ಲಿಗೇ ಮುಗಿಯುತ್ತದೆ, ನಡುವೆ ಮೊಮ್ಮಗಳೇ ದುಭಾಷಿ. ನಾನು ತಟ್ಟೆಯಲ್ಲಿ ಎಳ್ಳು ಹರಡಿಕೊಂಡು ಒಂದೊಂದೇ ಕಲ್ಲು ಆರಿಸುತ್ತಿದ್ದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದರು, ಮಾತಾಡದೆ ಒಳಗೆ ಹೋಗಿ ಮೊರ ತಂದರು. ನಮ್ಮ ಮೊರದ ಹಾಗೆ ಒಂದು ಬದಿ ತೆರೆದಿರುವುದಲ್ಲ, ದುಂಡಗೆ ಹೆಣೆದದ್ದು. ಎಳ್ಳನ್ನು ಅದಕ್ಕೆ ಸುರಿದುಕೊಂಡು, ಮಣಿಕಟ್ಟನ್ನು ಇಷ್ಟೇ ಇಷ್ಟು ತಿರುಗಿಸಿ ಕೇರತೊಡಗಿದರು. ಹೊಟ್ಟು ಮುಂದಕ್ಕೆ ಹಾರಿತು, ಎಳ್ಳು ನಡುವೆ ಉಳಿಯಿತು, ಮರಳು ಹಿಂದೆ ಅವರ ಹೆಬ್ಬೆರಳ ಹತ್ತಿರ ಬಂದು ಕೂತಿತು. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಎಳ್ಳನ್ನು ಬಾಣಲೆಗೆ ಜಾರಿಸಿದರು. ಹುರಿಯುವುದನ್ನೂ ನನಗೆ ಬಿಡಲಿಲ್ಲ. ಸಿಗಿರಿ ಅನ್ನುವ ಇದ್ದಿಲ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎಳ್ಳು ಚಟಪಟ ಸಿಡಿದು ಘಮ್ಮೆನ್ನುವ ಹೊತ್ತಿಗೆ ಬರಿಗೈಯಲ್ಲೇ ಬಾಣಲೆ ಇಳಿಸಿದರು.

ಅವರ ಮನೆಯಲ್ಲಿ ಎಳ್ಳು ಹಬ್ಬದ ಪದಾರ್ಥವೇನಲ್ಲ, ದಿನದ ಊಟ. ಎಳ್ಳನ್ನೂ ಬೀಜವನ್ನೂ ಅರೆದು ಓಡಿ ಅನ್ನುವ ಪೇಸ್ಟ್ ಮಾಡುತ್ತಾರೆ, ಸೊಪ್ಪಿನ ಸಾರಿಗೆ ಅದನ್ನೇ ಕದಡುತ್ತಾರೆ. ಜೊತೆಗೆ ರಾಗಿ ಮುದ್ದೆ, ಅವರ ಕ್ವೊನ್ ಕಾಲ್. ರಾಗಿಯ ತವರು ಈ ಸೀಮೆಯ ಎತ್ತರದ ನೆಲವೇ. ಎಳ್ಳಿನ ತವರು ನಮ್ಮ ಕಡೆ. ಯಾವ ಕಾಲದಲ್ಲೋ ಯಾರೋ ಕೊಟ್ಟು ತೆಗೆದುಕೊಂಡಿದ್ದಾರೆ. ಬಸ್ಸಾರು ಮುದ್ದೆ ತಿಂದು ಬೆಳೆದ ನನಗೆ ಅಜ್ಜಿಯ ಮುದ್ದೆ ಸ್ವಲ್ಪ ಹುಳಿ ಅನ್ನಿಸುತ್ತದೆ, ಅಷ್ಟೇ ಫರಕು.

ಹನ್ನೆರಡನೇ ತಾರೀಖು ವಾಟ್ಸ್ಆ್ಯಪ್ ನಿಂತಿತು. ಹದಿಮೂರರ ಸಂಜೆ ಇಡೀ ದೇಶದ ಇಂಟರ್ನೆಟ್ ಹೋಯಿತು. ಹಬ್ಬದ ಬೆಳಿಗ್ಗೆ ಅಮ್ಮನಿಗೆ ನೇರ ಫೋನು ಮಾಡಿದೆ, ಒಂದೊಂದು ನಿಮಿಷಕ್ಕೂ ಶಿಲ್ಲಿಂಗು ಕರಗುತ್ತಿತ್ತು. ಇಲ್ಲಿ ಏಳೂವರೆ, ಅಲ್ಲಿ ಹತ್ತು. ಅಮ್ಮ ಚುನಾವಣೆಯ ಗಲಾಟೆಯ ವಿಷಯ ಕೇಳಲೇ ಇಲ್ಲ. "ಎಳ್ ಹುರಿದ್ಯಾ? ಸೀದೋಗ್ಲಿಲ್ಲ ತಾನೇ? ಯಾರ್ಗೇ ಬೀರ್ತೀಯ ಅಲ್ಲಿ?" ಗೇಟು ದಾಟುವ ಹಾಗಿಲ್ಲ ಅಂದೆ. "ಗೇಟೊಳ್ಗೆ ಇರೋರ್ಗೇ ಬೀರು, ಅವ್ರೇನ್ ಜನ ಅಲ್ವಾ?" ಅಷ್ಟರಲ್ಲಿ ದುಡ್ಡು ಮುಗಿಯಿತು.

ಹೆಸರುಬೇಳೆ ಹಾಕಿ ಸಿಹಿ ಹುಗ್ಗಿ, ಖಾರ ಹುಗ್ಗಿ ಎರಡೂ ಮಾಡಿದೆ. ಎಳ್ಳುಬೆಲ್ಲ ಕಟ್ಟಲು ಕವರ್ ಇರಲಿಲ್ಲ, ತಪ್ಪು ಅಚ್ಚಾಗಿ ವಾಪಸು ಬಂದಿದ್ದ ಪಾಠದ ಹಾಳೆಗಳು ಕಟ್ಟುಗಟ್ಟಲೆ ಬಿದ್ದಿದ್ದವು. ಮೂರನೇ ತರಗತಿಯ ಭಾಗಾಕಾರದಲ್ಲಿ ಪೊಟ್ಟಣ ಕಟ್ಟಿದೆ. ಮೇಲೊಂದು ಕಬ್ಬಿನ ತುಂಡು, ಒಂದು ಪುಟ್ಟ ಬಾಳೆಹಣ್ಣು. ಇದ್ದ ಒಂದೇ ಸೀರೆ ಉಟ್ಟು, ಮಾಸ್ಕ್ ಹಾಕಿಕೊಂಡು ಹೊರಟೆ. ರಿಜಿಸ್ಟರು ಒಳಗೇ ಇತ್ತು.

ಅಜ್ಜಿಯ ಮನೆಗೆ ಮೊದಲು. ಹಿಂದಿನ ಮನೆಯಲ್ಲಿದ್ದ ಕೀನ್ಯಾದ ನರ್ಸ್ ನನ್ನ ಹಾಗೇ ಸ್ವಯಂಸೇವಕಿ, ಆಕೆಗೆ ಒಂದು. ಗೇಟಿನ ಕಾವಲುಗಾರ ಆಗತಾನೇ ಮತ ಹಾಕಿ ಬಂದಿದ್ದ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು ಅನ್ನುವುದು ನಮ್ಮ ರೂಢಿ ಎಂದು ಹೇಳಿದೆ. ಆತ ಬಾಯಿಗೆ ಹಾಕಿಕೊಂಡು, "ಹಾಗಿದ್ದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೊಂದು ಕಳಿಸಿ ಮೇಡಂ" ಅಂದ. ರಾಜಕೀಯಕ್ಕೆ ನಾವು ಬಾಯಿ ಹಾಕುವ ಹಾಗಿಲ್ಲ, ಸುಮ್ಮನೆ ಇನ್ನೊಂದು ಪೊಟ್ಟಣ ಕೊಟ್ಟೆ.

ಪಕ್ಕದ ಅಂಗಳದ ಮಕ್ಕಳು ಬೇಲಿಯಾಚೆ ಆಗಲೇ ಸಾಲುಗಟ್ಟಿದ್ದರು. ಗೇಟು ದಾಟಬಾರದು ಅಂತಷ್ಟೇ ಆಜ್ಞೆ, ಬೇಲಿಯ ಮೇಲಿಂದ ಕೈ ಚಾಚಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಕೊಟ್ಟೆ. ಅವು ನಮ್ಮೂರ ಮಕ್ಕಳ ಹಾಗೇ ಬೆಲ್ಲವನ್ನೂ ಕೊಬ್ಬರಿಯನ್ನೂ ಹೆಕ್ಕಿ ತಿಂದು, ಎಳ್ಳನ್ನು ಕಾಗದದ ಮೂಲೆಯಲ್ಲೇ ಬಿಟ್ಟವು. ಅಜ್ಜಿಗೆ ಸಿಹಿ ಹುಗ್ಗಿ ಹಿಡಿಸಲಿಲ್ಲ. ಅನ್ನಕ್ಕೆ ಹಾಲು ಬೆಲ್ಲ ಹಾಕುವುದು ಕಾಯಿಲೆಯವರಿಗೆ ಅಂತ ಮೊಮ್ಮಗಳ ಬಾಯಲ್ಲಿ ಹೇಳಿಸಿದರು. ಖಾರ ಹುಗ್ಗಿಯನ್ನು ಎರಡು ಸಲ ಬಡಿಸಿಕೊಂಡರು. ವಾರಕ್ಕೆ ನಾನು ಶೇಖರಿಸಿಟ್ಟಿದ್ದ ಮೇಣದ ಬತ್ತಿ, ನೀರಿನ ಕ್ಯಾನುಗಳನ್ನು ಕಂಡು ಅವರಿಗೆ ನಗು. ಬಂಡುಕೋರರಿಗೂ ಸರ್ಕಾರದ ಸೇನೆಗೂ ನಡೆದ ಇಪ್ಪತ್ತು ವರ್ಷದ ಕಾಳಗದಲ್ಲಿ ಊರು ಬಿಟ್ಟು ಶಿಬಿರದಲ್ಲಿ ಬದುಕಿ ಬಂದವರು ಅವರು, 2006ರವರೆಗೂ ಆ ಗುಂಡಿನ ಸದ್ದು ಕೇಳಿದವರು. ಇದೇನು ಮಹಾ ಅನ್ನುವಂತೆ ಕ್ಯಾನಿಗೊಂದು ತಟ್ಟು ತಟ್ಟಿ ಹೋದರು.

ನಾಲ್ಕು ಗಂಟೆಗೆ ಮತದಾನ ಮುಗಿದು, ಶಾಲೆಯ ಬಯಲಿನಲ್ಲೇ ಎಣಿಕೆ ಶುರುವಾಯಿತು. ಇಲ್ಲಿ ಒಂದೊಂದು ಮತಪತ್ರವನ್ನೂ ಎತ್ತಿ ಹಿಡಿದು ಹೆಸರು ಕೂಗುತ್ತಾರೆ, ಸುತ್ತ ನಿಂತ ಜನ ಹೋ ಅನ್ನುತ್ತಾರೆ. ಆ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ದೂರದಲ್ಲಿ ಯಾರೋ ಒಣಹುಲ್ಲಿಗೆ ಬೆಂಕಿ ಕೊಟ್ಟಿದ್ದರು, ಬೇಸಿಗೆಯಲ್ಲಿ ಬೇಟೆಗೆಂದು ಹಾಗೆ ಮಾಡುವುದುಂಟು. ನಮ್ಮೂರಲ್ಲಾದರೆ ಇದೇ ಹೊತ್ತಿಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸಲು ಹೊಡೆದುಕೊಂಡು ಬರುತ್ತಿದ್ದರು. ಇಲ್ಲಿ ಹಾಯಿಸಲು ಇದ್ದದ್ದು ಕೋಳಿಗಳು ಮಾತ್ರ.

ಮಾರನೇ ದಿನ ಅಜ್ಜಿ ನನ್ನ ಸ್ಟೀಲ್ ಡಬ್ಬಿಯನ್ನು ವಾಪಸು ಕಳಿಸಿದರು, ತುಂಬ ಓಡಿ ಹಾಕಿ. ಡಬ್ಬಿಯನ್ನು ಬರಿದಾಗಿ ಕೊಡಬಾರದು ಅನ್ನುವುದನ್ನು ಅವರಿಗೆ ನಾನು ಹೇಳಿರಲಿಲ್ಲ. ಕೀನ್ಯಾದ ನರ್ಸ್ ಬಂದು, ಉಳಿದ ಎಳ್ಳುಬೆಲ್ಲ ಇದೆಯಾ ಅಂತ ಕೇಳಿ ತೆಗೆದುಕೊಂಡು ಹೋದಳು.

ಹದಿನೆಂಟಕ್ಕೆ ಇಂಟರ್ನೆಟ್ ಮರಳಿತು. ಕಚೇರಿಯಿಂದ ಮೊದಲು ಬಂದದ್ದು ಒಂದು ಅರ್ಜಿ ನಮೂನೆ. ನಿರ್ಬಂಧದ ದಿನಗಳಲ್ಲಿ ಕಾಂಪೌಂಡಿನಿಂದ ಹೊರಗೆ ಹೋಗಿದ್ದಿರಾ? ಇಲ್ಲ. ಸ್ಥಳೀಯರ ಸಂಪರ್ಕವಿತ್ತೇ? ಇತ್ತು. ಶೇಖರಿಸಿದ ಆಹಾರದಲ್ಲಿ ಉಳಿದಿರುವುದೇನು? ಅಕ್ಕಿ ಎರಡು ಕಿಲೋ, ಹೆಸರುಬೇಳೆ ಅರ್ಧ ಕಿಲೋ, ಓಡಿ ಒಂದು ಡಬ್ಬಿ, ಸುಕಾರಿ ಗುರು ಒಂದು ಉಂಡೆ. ಸುಕಾರಿ ಗುರು ಯಾತಕ್ಕೆ ಎಂದು ಸಂಜೆಯೊಳಗೆ ಫೋನು ಬಂತು.