ಫೋನ್ ಕೆಳಗಿಡದ ಪತ್ತೇದಾರ

ಕಳೆದ ಫೆಬ್ರವರಿಯ ಒಂದು ಶನಿವಾರ, ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪೇಟೆಯ ನಡುವಿರುವ ಹಳೆಯ ಕಾರ್ನೆಗಿ ಗ್ರಂಥಾಲಯದ ಕಟ್ಟಡದಲ್ಲಿ ನಾನೂ ಮಗಳೂ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕುಳಿತು, 1978ರ ಅಕ್ಟೋಬರ್ ತಿಂಗಳ ದಿನಪತ್ರಿಕೆಯ ಸಣ್ಣ ಜಾಹೀರಾತುಗಳನ್ನು ಒಂದೊಂದಾಗಿ ಓದಿದೆವು. ಅಂದು ಸಂಜೆ ಸ್ನೇಹಿತರೊಬ್ಬರ ಮನೆಯಲ್ಲಿ ಈ ಊರಿನ ಕನ್ನಡ ಕುಟುಂಬಗಳು ಸೇರುವುದಿತ್ತು. ಅಲ್ಲಿ ನಿವೃತ್ತ ಪತ್ತೇದಾರ ರಾನ್ ಸ್ಟಾಲ್‌ವರ್ತ್ ಅವರಿಗೆ ಗೌರವ ಸಲ್ಲಿಸುವ ಹತ್ತು ನಿಮಿಷದ ಮಾತನ್ನು ಮಗಳು ಒಪ್ಪಿಕೊಂಡಿದ್ದಳು. ಅವರ ಕಣ್ಣಿಗೆ ಬಿದ್ದಿದ್ದ ಜಾಹೀರಾತನ್ನು ತಾನೂ ನೋಡಬೇಕೆಂಬುದು ಅವಳ ಹಟ.

ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಕು ಕ್ಲಕ್ಸ್ ಕ್ಲಾನ್ ಸಂಘಟನೆಯು ಸದಸ್ಯರನ್ನು ಕರೆಯಲು ಕೊಟ್ಟಿದ್ದ ಜಾಹೀರಾತು ಅದು. ಹಳೆಯ ಕಾರುಗಳು, ಬಾಡಿಗೆ ಮನೆಗಳು, ಕಳೆದುಹೋದ ನಾಯಿಗಳು, ಇವುಗಳ ನಡುವೆ ಕಣ್ಣು ಹಾಯಿಸಿ ಹಾಯಿಸಿ ಎರಡು ಗಂಟೆಯಾದರೂ ನಮಗೆ ಸಿಗಲಿಲ್ಲ. ಆದರೆ ದ್ವೇಷಕ್ಕೆ ಕರೆಯುವ ಒಂದೆರಡು ಸಾಲುಗಳು ಇಂಥ ದಿನನಿತ್ಯದ ಸರಕಿನ ಪುಟದಲ್ಲೇ ಅಚ್ಚಾಗಿದ್ದವು ಎಂಬುದು, ಆ ಪುಟಗಳನ್ನು ನೋಡಿದ ಮೇಲೆ ನನಗೆ ನಿಜವಾಗಿ ಅರ್ಥವಾಯಿತು.

ಆ ಜಾಹೀರಾತಿಗೆ ಸ್ಟಾಲ್‌ವರ್ತ್ ಉತ್ತರ ಬರೆದರು. ಈ ಊರಿನ ಪೊಲೀಸ್ ಇಲಾಖೆಯ ಮೊದಲ ಕಪ್ಪು ಜನಾಂಗದ ಪತ್ತೇದಾರರಾಗಿದ್ದ ಅವರು, ಕೈತಪ್ಪಿನಿಂದ ತಮ್ಮ ನಿಜವಾದ ಹೆಸರನ್ನೇ ಸಹಿ ಮಾಡಿದ್ದರು. ಕೆಲವು ದಿನಗಳ ಮೇಲೆ ಕ್ಲಾನ್ ಕಡೆಯಿಂದ ಫೋನ್ ಬಂತು. ಬಿಳಿಯನಂತೆ ಮಾತನಾಡಿ ಅವರು ನಂಬಿಕೆ ಗಳಿಸಿದರು. ಮುಖಾಮುಖಿ ಭೇಟಿಗೆ ಬಿಳಿಯ ಸಹೋದ್ಯೋಗಿಯೊಬ್ಬರು ಅದೇ ಹೆಸರಿನಲ್ಲಿ ಹೋದರು. ಸಂಘಟನೆಯ ಮುಖ್ಯಸ್ಥ ಡೇವಿಡ್ ಡ್ಯೂಕ್ ಕೂಡ ಅವರೊಡನೆ ಫೋನಿನಲ್ಲಿ ಸಲುಗೆಯಿಂದ ಮಾತನಾಡುತ್ತಿದ್ದ. 1979ರ ಜನವರಿಯಲ್ಲಿ ಆತ ಈ ಊರಿಗೆ ಬಂದಾಗ ಅವನ ಕಾವಲಿಗೆ ನೇಮಕವಾದವರೂ ಸ್ಟಾಲ್‌ವರ್ತ್ ಅವರೇ. ಸದಸ್ಯರಲ್ಲಿ ಸೈನಿಕರಿದ್ದರು, ದೇಶದ ವಾಯುರಕ್ಷಣೆಯನ್ನು ನೋಡಿಕೊಳ್ಳುವ ನೋರಾಡ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರೂ ಇದ್ದರು. ಆ ಇಬ್ಬರನ್ನು ಅಲ್ಲಿಂದ ಬೇರೆಡೆಗೆ ವರ್ಗಾಯಿಸಲಾಯಿತು. ತನಿಖೆ ನಡೆದಷ್ಟು ಕಾಲ, ಜನರನ್ನು ಬೆದರಿಸಲು ಕ್ಲಾನ್ ಹಚ್ಚುವ ಶಿಲುಬೆ ಊರಿನಲ್ಲಿ ಒಂದೂ ಉರಿಯಲಿಲ್ಲ, ಅದೇಕೆ ಉರಿಯುತ್ತಿದೆ ಎಂದು ಯಾವ ತಂದೆ ತಾಯಿಯೂ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ ಎಂಬುದನ್ನೇ ಸ್ಟಾಲ್‌ವರ್ತ್ ತಮ್ಮ ಕೆಲಸದ ಫಲವೆಂದು ಎಣಿಸುತ್ತಾರೆ.

ಹಿಂದಿರುಗುವಾಗ ಕಾರಿನಲ್ಲಿ ಮಗಳು, "ಅಷ್ಟೆಲ್ಲ ಬೈಗುಳ ಕೇಳುತ್ತಾ ಅವರು ಯಾಕಮ್ಮ ಫೋನ್ ಇಟ್ಟುಬಿಡಲಿಲ್ಲ?" ಎಂದು ಕೇಳಿದಳು. ತಕ್ಷಣ ಉತ್ತರಿಸಲು ನನ್ನಿಂದ ಆಗಲಿಲ್ಲ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ರಾಜ್ಯದ ಒಲೇಥ ಊರಿನಲ್ಲಿ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಅವರನ್ನು ಗುಂಡಿಕ್ಕಿ ಕೊಂದ ಕೆಲವೇ ವಾರಗಳ ನಂತರ, ಅಂಗಡಿಯೊಂದರ ಮುಂದೆ ನಾನು ಸಾಮಾನುಗಳನ್ನು ಕಾರಿಗೆ ತುಂಬುತ್ತಿದ್ದಾಗ, ಹಾದುಹೋದ ವಾಹನದಿಂದ ಯಾರೋ ನಿನ್ನ ದೇಶಕ್ಕೆ ಹೋಗೆಂದು ಕೂಗಿದ್ದರು. ಹಾಲಿನ ಡಬ್ಬಿ ಕೈಯಲ್ಲೇ ಇತ್ತು. ನಾನು ವಾಹನದ ನಂಬರನ್ನೂ ನೋಡಲಿಲ್ಲ, ಮನೆಯಲ್ಲೂ ಹೇಳಲಿಲ್ಲ, ಕೇಳಿಸಿಯೇ ಇಲ್ಲವೆಂಬಂತೆ ಮನೆಗೆ ಬಂದುಬಿಟ್ಟೆ. ಆ ದಿನವನ್ನು ಅಂದು ಮೊದಲ ಬಾರಿಗೆ ಮಗಳಿಗೆ ಹೇಳಿದೆ. ತನ್ನನ್ನೂ ತನ್ನವರನ್ನೂ ಹೀನಾಯವಾಗಿ ಆಡಿಕೊಳ್ಳುವ ಮಾತನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡು, ಹೆಸರು, ಸ್ಥಳ, ದಿನಾಂಕ ಸಹಿತ ಬರೆದಿಡುವುದಕ್ಕೆ ಎಂಥ ಗಟ್ಟಿತನ ಬೇಕೆಂಬುದನ್ನು ನಾನು ಅಳೆಯುವುದು ಈ ಒಂದು ಕ್ಷಣದಿಂದಲೇ.

ಸಂಜೆ ಮಗಳು ಒಂದು ಸಂಗತಿಯನ್ನು ಬಿಡದೆ ಹೇಳಿದಳು. ಸ್ಟಾಲ್‌ವರ್ತ್ ಅವರಿಗೆ ಮೊದಲು ವಹಿಸಿದ ಗುಪ್ತ ಕೆಲಸ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸ್ಟೋಕ್ಲಿ ಕಾರ್ಮೈಕಲ್ ಅವರ ಭಾಷಣಕ್ಕೆ ಹೋಗಿ ವರದಿ ತರುವುದಾಗಿತ್ತು. ಗೌರವದ ಮಾತಿನಲ್ಲಿ ಇದು ಬೇಡವೆಂದು ಒಬ್ಬರು ಮೊದಲೇ ಸೂಚಿಸಿದ್ದರು. ನನಗೂ ಅದು ಚುಚ್ಚುತ್ತದೆ. ಆದರೂ ಮುಚ್ಚಿಟ್ಟು ಗೌರವಿಸುವುದು ಸರಿಯೆಂದು ನನಗೆ ಅನ್ನಿಸಲಿಲ್ಲ.

ತನಿಖೆ ಮುಗಿದಾಗ ದಾಖಲೆಗಳನ್ನೆಲ್ಲ ನಾಶಮಾಡಲು ಮೇಲಧಿಕಾರಿ ಆದೇಶಿಸಿದ್ದು, ಸ್ಟಾಲ್‌ವರ್ತ್ ಕೆಲವನ್ನು ಉಳಿಸಿಕೊಂಡದ್ದು, ನಿವೃತ್ತರಾದ ಮರುವರ್ಷ, 2006ರಲ್ಲಿ, ವಿಷಯವನ್ನು ಮೊದಲ ಬಾರಿಗೆ ಪತ್ರಿಕೆಗೆ ತಿಳಿಸಿದ್ದು, ತಮ್ಮ ಹೆಸರಿದ್ದ ಕ್ಲಾನ್ ಸದಸ್ಯತ್ವದ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡದ್ದು, ಇವನ್ನು ಅವಳು ಹೇಳುವಾಗ, ಮಗನ ಮನೆಗೆ ಶಿವಮೊಗ್ಗದಿಂದ ಬಂದಿದ್ದ ಹಿರಿಯರೊಬ್ಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರು ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು.

"ಕಡತ ಸುಡು ಅಂತ ಮೇಲಿನವರು ಹೇಳಿದ ಮೇಲೆ ಉಳಿಸಿಕೊಳ್ಳೋದು ಸಣ್ಣ ಮಾತಲ್ಲ ಮಗು. ನಾನು ಆ ಜಾಗದಲ್ಲಿ ಕೂತವನು, ನನಗೆ ಗೊತ್ತು" ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಹೆಸರು ಕನ್ನಡದಲ್ಲಿ ಬರೆದುಕೊಡು" ಎಂದರು.

ವಾರಕ್ಕೊಮ್ಮೆ ಕನ್ನಡ ಕಲಿಯುವ ಮಗಳು ಊಟದ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದಲ್ಲಿ ಬರೆಯತೊಡಗಿದಳು. 'ಸ್ಟಾ' ಬರೆಯುವಾಗ ಒತ್ತಕ್ಷರ ಯಾವುದೆಂದು ನನ್ನ ಮುಖ ನೋಡಿದಳು. ಹಿರಿಯರು ತಾವೇ ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಅವಳು ಬರೆದು ಮುಗಿಸಿದ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ, ಮಡಚಿ, ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.