ರಾತ್ರಿ ಎಂಟಕ್ಕೆ ಫ್ಲೋಟ್ ಆದರೆ ಮಷೀನಿಗೆ ಬೈಯಬೇಡಿ

ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಜಿಪಿಎಸ್ ಹಿಡಿದು ಸರ್ವೆ ಮಾಡುವವರಿಗೆಲ್ಲ ಒಂದೇ ಆಸೆ. ಹೊತ್ತು ಮುಳುಗಲಿ, ತಂಪಲ್ಲಿ ನಾಲ್ಕು ಪಾಯಿಂಟ್ ಜಾಸ್ತಿ ತೆಗೆಯೋಣ ಅಂತ. ಸಂಡೂರು ಕಡೆ ಮೈನ್ಸ್ ಕೆಲಸಕ್ಕೆ ಹೋದಾಗ ನಾನೂ ಹಾಗೇ ಮಾಡುತ್ತಿದ್ದೆ. ಎಂಟರ ಸುಮಾರಿಗೆ ರೋವರ್ ಕೋಲು (ತುದಿಗೆ ಜಿಪಿಎಸ್ ರಿಸೀವರ್ ಇರುವ ಕೋಲು) ಹಿಡಿದ ಹುಡುಗನ ಕೂಗು ಶುರು: "ಸರ, ಮತ್ತ ಫ್ಲೋಟ್ ಆತ್ರಿ!" ಮೋಡ ಇಲ್ಲ, ಮರ ಇಲ್ಲ, ರೋವರ್‌ಗೆ ತಿದ್ದುಪಡಿ ಕಳಿಸುವ ಬೇಸ್ ರಿಸೀವರ್ ಅಲ್ಲೇ ಗುಡ್ಡದ ಮೇಲಿದೆ. ಆದರೂ ಸೆಂಟಿಮೀಟರ್ ಲೆಕ್ಕದ ಫಿಕ್ಸ್ ಮಾತ್ರ ನಿಲ್ಲುವುದಿಲ್ಲ, ಅಳತೆ ಸಡಿಲವಾಗಿ ಫ್ಲೋಟ್‌ಗೆ ಜಾರುತ್ತದೆ.

ಬ್ಯಾಟರಿ, ಕೇಬಲ್, ಸಿಮ್ ಎಲ್ಲಕ್ಕೂ ಬೈಗುಳ ಬೀಳುತ್ತದೆ. ಪಾಪ, ಅವುಗಳದ್ದೇನೂ ತಪ್ಪಿಲ್ಲ. ಗಲಾಟೆ ಇರುವುದು ಮುನ್ನೂರು ಕಿಲೋಮೀಟರ್ ಮೇಲೆ, ವಿದ್ಯುತ್ ಕಣಗಳು ತುಂಬಿದ ಗಾಳಿಯ ಪದರವಾದ ಅಯಾನುಗೋಳದಲ್ಲಿ.

ಹಗಲು ಸೂರ್ಯನ ಅತಿನೇರಳೆ ಕಿರಣಗಳು ಅಲ್ಲಿನ ಗಾಳಿಯಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಪ್ಲಾಸ್ಮಾ ಮಾಡುತ್ತವೆ. ಸೂರ್ಯ ಮುಳುಗಿದರೆ ನೂರು ಕಿಲೋಮೀಟರ್ ಆಸುಪಾಸಿನ ಪದರ ಬೇಗ ಕರಗುತ್ತದೆ. ಮೇಲಿನದು ಉಳಿಯುತ್ತದೆ. ನಮ್ಮ ಕಡೆ ಅದು ಆ ಹೊತ್ತಿಗೆ ಇನ್ನೂ ಮೇಲಕ್ಕೆ ಏರುತ್ತದೆ. ಮೇಲೆ ದಟ್ಟ, ಕೆಳಗೆ ತೆಳು. ಎಣ್ಣೆಯ ಮೇಲೆ ನೀರು ಹೊಯ್ದರೆ ಎಣ್ಣೆ ಸುಮ್ನೆ ಕೆಳಗೇ ಇರುತ್ತದಾ? ಹಾಗೇ ತೆಳು ಪ್ಲಾಸ್ಮಾ ಗುಳ್ಳೆಗಳಾಗಿ ಮೇಲೇಳುತ್ತದೆ. ಭೂಮಿಯ ಕಾಂತರೇಖೆಗಳ ಗುಂಟ ಉತ್ತರ-ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಚಾಚಿಕೊಂಡು, ಪೂರ್ವಕ್ಕೆ ಸರಿಯುತ್ತದೆ. ಗುಳ್ಳೆಯೊಳಗೆ ಮತ್ತೆ ಸಣ್ಣ ಸಣ್ಣ ಏರುಪೇರು. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಸಿಗ್ನಲ್ ಅದರೊಳಗೆ ಹಾದು ಬರುವಾಗ ನಕ್ಷತ್ರದ ಹಾಗೆ ಮಿನುಗುತ್ತದೆ. ರಿಸೀವರ್ ಹಿಡಿತ ತಪ್ಪುತ್ತದೆ.

ನನಗೆ ಸಿಟ್ಟು ಬರುವುದು ಟ್ರೇನಿಂಗ್‌ಗಳ ಮೇಲೆ. "ರಾತ್ರಿ ಅಯಾನುಗೋಳ ಶಾಂತವಾಗಿರುತ್ತದೆ" ಅಂತ ಹೇಳಿ ಕಳಿಸುತ್ತಾರೆ. ಯುರೋಪಿನ ಮಟ್ಟಿಗೆ ಆ ಮಾತು ಬಹುಪಾಲು ಸರಿ. ನಾವಿರುವುದು ಕಾಂತೀಯ ಸಮಭಾಜಕಕ್ಕೆ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುವ ರೇಖೆಗೆ) ಹತ್ತಿರ, ಅಲ್ವಾ? ಆ ರೇಖೆ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾಯುತ್ತದೆ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ಕೇರಳದ 'ತುಂಬಾ' ಎಂಬ ಊರನ್ನು ಆರಿಸಿದ್ದೂ ಅದಕ್ಕೇ. ಅಯಾನುಗೋಳದ ಈ ಗಲಾಟೆಯನ್ನು ಬುಕರ್ ಮತ್ತು ವೆಲ್ಸ್ ಎಂಬ ವಿಜ್ಞಾನಿಗಳು 1938ರಲ್ಲೇ ವರದಿ ಮಾಡಿದ್ದರು. ಅವರು ನೋಡಿದ್ದು ಪೆರುವಿನ ವಾಂಕಾಯೊದ ದಾಖಲೆಗಳನ್ನು. ಅದೂ ಇದೇ ರೇಖೆಯ ಪಕ್ಕದ ಊರು.

ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕಾಟ ಜಾಸ್ತಿ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ, ಅಂದರೆ 2024ರಂಥ ವರ್ಷಗಳಲ್ಲಿ, ಇನ್ನೂ ಜಾಸ್ತಿ. ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಇಳಿಯುತ್ತದೆ.

ಹಾಗಾಗಿ ಆ ತಿಂಗಳುಗಳಲ್ಲಿ ಕಂಟ್ರೋಲ್ ಪಾಯಿಂಟ್‌ಗಳನ್ನು (ಉಳಿದ ಅಳತೆಗೆಲ್ಲ ಆಧಾರವಾಗುವ ಬಿಂದುಗಳನ್ನು) ನಾನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುತ್ತೇನೆ. ಸಂಜೆಯೇ ಆಗಬೇಕು ಅಂತ ಮ್ಯಾನೇಜರ್ ಹಟ ಹಿಡಿದರೆ ಟೋಟಲ್ ಸ್ಟೇಷನ್ ಒಯ್ಯುತ್ತೇನೆ; ಅದು ಉಪಗ್ರಹ ಬೇಡದೆ, ಪ್ರಿಸ್ಮ್ ಎಂಬ ಗಾಜಿನ ಗುರಿಗೆ ಬೆಳಕು ಬಿಟ್ಟು ದೂರ, ಕೋನ ಅಳೆಯುವ ಯಂತ್ರ. ಪ್ರಿಸ್ಮ್ ಪಕ್ಕ ಟಾರ್ಚ್ ಹಿಡಿಯಲು ಇನ್ನೊಬ್ಬ ಹುಡುಗ ಬೇಕಾಗುತ್ತದೆ, ಅಷ್ಟೇ.